ನನ್ನ ಸಪ್ಪೆ ಕುಲ್ಫಿಗೆ ಊರವರ ಉಪಕಾರ

ನಾನು ಒಂದು ಒಳ್ಳೆಯ ಕೆಲಸಕ್ಕೆ ಕೈ ಹಾಕುವುದೇ ತಡ, ಮೂಡಿಗೆರೆ ಸುತ್ತಿನ ಜನ ಸಹಾಯ ಮಾಡಿಯೇ ಅದನ್ನು ಕೆಡಿಸಿಬಿಡುತ್ತಾರೆ. ಮದುವೆಯಾಗಿ ಈ ತೋಟಕ್ಕೆ ಬಂದ ಲಾಗಾಯ್ತಿನಿಂದ ಹೀಗೇ ನಡೆದಿದೆ. ಕಳೆದ ಬೇಸಿಗೆಯದನ್ನಂತೂ ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ನಮ್ಮ ಯಜಮಾನರಿಗೆ ಸಿಹಿಮೂತ್ರದ ಕಾಯಿಲೆ. ಮೂಡಿಗೆರೆಯ ಡಾಕ್ಟರು ಇವರ ಮೂತ್ರಕ್ಕೆ ನೀಲಿ ಔಷಧಿ ಬೆರೆಸಿ ನಳಿಗೆಯಲ್ಲಿ ಕಾಯಿಸಿ, ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದನ್ನು ತೋರಿಸಿ, "ಇನ್ನು ಸಕ್ಕರೆ ಮುಟ್ಟಿದ್ರೆ ಮೊದ್ಲು ಕಾಲು ಹೋಗುತ್ತೆ, ಆಮೇಲೆ ಕಣ್ಣು" ಎಂದರು. ಅಂದಿನಿಂದ ಇವರು ಊಟವಾದ ಮೇಲೂ ಏಳದೆ, ಖಾಲಿ ಎಲೆಯನ್ನೇ ದಿಟ್ಟಿಸುತ್ತ ಕೂರತೊಡಗಿದರು. ನೋಡಲಾಗಲಿಲ್ಲ. ಮೈಸೂರಿನಲ್ಲಿ ಕಾಲೇಜು ಓದುವಾಗ ಉತ್ತರದ ಗೆಳತಿಯೊಬ್ಬಳು ಹಾಸ್ಟೆಲಿನಲ್ಲಿ ಕಲಿಸಿದ್ದ ಕುಲ್ಫಿ ನೆನಪಾಯಿತು. ಕೆನೆ ತೆಗೆದ ಹಾಲನ್ನು ಬತ್ತಿಸಿ, ಸಕ್ಕರೆಯ ಬದಲು ಅರೆದ ಬಾದಾಮಿ, ಏಲಕ್ಕಿ ಹಾಕಿ ಗಟ್ಟಿ ಮಾಡಿದರೆ ನಾಲಿಗೆಗೂ ಸಮಾಧಾನ, ಕಾಲಿಗೂ ಕ್ಷೇಮ. ಇಷ್ಟೇ ನಾನು ಮಾಡಿದ ಅಪರಾಧ.

೧. ಕಣಕ್ಕೆ ಹೋದ ಮಾಲು

ಮಂಜುಗಡ್ಡೆ ಮಂಗಳೂರಿನಿಂದ ಬರಬೇಕು. ಮರದ ಪುಡಿಯಲ್ಲಿ ಹೂತು, ಗೋಣಿಚೀಲದಲ್ಲಿ ಹೊಲಿದು, ಘಾಟಿ ಹತ್ತುವ ಬಸ್ಸಿಗೆ ಹಾಕುತ್ತಾರೆ. ರಸ್ತೆಯಿಂದ ಅದನ್ನು ತರಲು ಮೇಸ್ತ್ರಿಯನ್ನು ಕಳಿಸಿದೆ. ಇತ್ತ ಬತ್ತಿಸಿದ ಹಾಲನ್ನು ಸಿಗರೇಟಿನ ದುಂಡು ಡಬ್ಬಗಳಿಗೆ ತುಂಬಿ, ಮುಚ್ಚಳದ ಸಂದಿಗೆ ಹಿಟ್ಟು ಮೆತ್ತಿ ಕಾದಿದ್ದೇ ಬಂತು. ಹೊರಗೆ ಹೋಗಿ ನೋಡುತ್ತೇನೆ, ಮೇಸ್ತ್ರಿ ಕಾಫಿ ಒಣಗಿಸುವ ಕಣದಲ್ಲಿ ಪಾರ್ಚ್‌ಮೆಂಟ್ ಬೀಜ ಹರಡುವ ಹಲಗೆ ಹಿಡಿದು ನಿಂತಿದ್ದಾನೆ.

"ನನ್ನ ಚೀಲ ಎಲ್ಲಪ್ಪ?"

"ತೊಟ್ಟಿಕ್ತಾ ಇತ್ತು ಅಮ್ಮಾವ್ರೇ. ಒದ್ದೆ ಚೀಲ ಬಂದ್ರೆ ಮುಗ್ಗು ಹಿಡಿಯೋಕೆ ಮುಂಚೆ ಕಣಕ್ಕೆ ಸುರೀಬೇಕು ಅಂತ ಧಣಿಗಳ ಆರ್ಡರು. ಸುರಿದೆ, ಒಡೆದೆ, ತೆಳ್ಳಗೆ ಹರಡಿದೆ."

ಕಣದಲ್ಲಿ ಒಂದು ಹಿಡಿ ಮರದ ಪುಡಿ ಬಿಟ್ಟರೆ ಏನೂ ಇರಲಿಲ್ಲ. ಅವನು ದನಿ ತಗ್ಗಿಸಿ, ನನ್ನ ಮೇಲಿನ ಕನಿಕರದಿಂದಲೇ ಹೇಳಿದ: "ಒಣಗಿದ ಮೇಲೆ ನೋಡಿದ್ರೆ ಬರೀ ಪುಡಿ. ಮಂಗಳೂರಿನವ್ರು ನಿಮ್ಗೆ ಚೆನ್ನಾಗಿ ಮೋಸ ಮಾಡಿದಾರೆ."

೨. ಅತ್ತೆಯವರ ಹೆಮ್ಮೆ

ಎರಡನೆಯ ಸಲ ನಾನೇ ರಸ್ತೆಗೆ ಹೋಗಿ ನಿಂತೆ. ಗಡ್ಡೆ ಕುಟ್ಟಿ ಬಕೇಟಿಗೆ ಹಾಕಿ, ನಡುವೆ ಡಬ್ಬಗಳನ್ನು ಹೂತು, ಸುತ್ತಲೂ ಬೊಗಸೆ ಬೊಗಸೆ ಕಲ್ಲುಪ್ಪು ಸುರಿದೆ. ಅತ್ತೆಯವರು ಅಡಿಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಉಪ್ಪು ಬಿದ್ದರೆ ಮಂಜು ಇನ್ನಷ್ಟು ಕೊರೆಯುತ್ತದೆ, ಹಾಲಿಗೆ ಸೋಂಕುವುದಿಲ್ಲ ಎಂದು ಬಿಡಿಸಿ ಬಿಡಿಸಿ ವಿವರಿಸಿದೆ. "ಹೂಂ, ಹೂಂ" ಎಂದರು.

ಕುಲ್ಫಿ ಗಟ್ಟಿಯಾಯಿತು. ಯಜಮಾನರು ತಿಂದು, "ಚೆನ್ನಾಗಿದೆ. ಏನೋ ಒಂದು ಹಾಕೋದು ಮರ್ತಿದೀಯ ಅಷ್ಟೇ" ಎಂದರು.

ಆ ವಾರ ಅತ್ತೆಯವರು ಒಂದು ಮದುವೆಗೆ ಹೋದರು. ಯುದ್ಧಕಾಲ, ಸಕ್ಕರೆಗೆ ರೇಷನ್ನು. ಹೆಂಗಸರು ಸೇರಿದಲ್ಲೆಲ್ಲ ಅದೇ ಮಾತು. ಅಲ್ಲಿ ಅತ್ತೆಯವರು ತಲೆಯೆತ್ತಿ ಹೇಳಿದರಂತೆ: "ನಮ್ಮನೇಲಿ ಆ ಯೋಚ್ನೆ ಇಲ್ಲ. ನನ್ನ ಸೊಸೆ ಬಿ.ಎ. ಓದಿದವಳು, ಉಪ್ಪಲ್ಲೇ ಸಿಹಿ ಮಾಡ್ತಾಳೆ."

೩. ಬರಿದಾಗದ ಪಾತ್ರೆ

ಮಾತು ಗೋಣಿಬೀಡು ಮುಟ್ಟಿತು. ಅಲ್ಲಿನ ತೋಟದ ಯಜಮಾನಿತಿ ಒಂದು ಹಿತ್ತಾಳೆ ಪಾತ್ರೆಯನ್ನು ಸೆರಗಲ್ಲಿ ಮುಚ್ಚಿಕೊಂಡು ಬಂದರು. ಒಳಗೆ ಸಕ್ಕರೆ.

"ನಮ್ಮನೇಲಿ ಸಕ್ಕರೆ ಇದೆ" ಎಂದೆ. "ಇವರ ಆರೋಗ್ಯಕ್ಕೆ ಅಂತ ಹಾಕಲ್ಲ ಅಷ್ಟೇ."

"ಇರ್ಲಿ ಮಾರಾಯ್ತಿ. ಹೋದ ತಿಂಗಳು ನೆಂಟರು ಬಂದಾಗ ನಾವೂ ಹಾಗೇ ಹೇಳಿದ್ವಿ."

ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ರುಚಿ ನೋಡಿಯಾದರೂ ತಿಳಿಯಲಿ ಎಂದು ಅದರಲ್ಲೊಂದು ಕುಲ್ಫಿ ಡಬ್ಬವಿಟ್ಟು, ಸುತ್ತ ಮಂಜು ತುಂಬಿ ಕಳಿಸಿದೆ. ಸಂಜೆಯೊಳಗೆ ಪಾತ್ರೆ ವಾಪಸು ಬಂತು, ಈ ಸಲ ಕಂಠದವರೆಗೆ ಸಕ್ಕರೆ. ತಂದ ಆಳು ಹೆಂಗಸು ಹೇಳಿದಳು: "ಒಂದು ಚೂರು ಬಾಯಿಗಿಟ್ಟಿದ್ದೇ ನಮ್ಮ ಅಮ್ಮಾವ್ರಿಗೆ ಕಣ್ಣಲ್ಲಿ ನೀರು ಬಂತು. ಇಷ್ಟು ಕಷ್ಟ ಇದೆ ಅಂತ ಗೊತ್ತಿರ್ಲಿಲ್ಲ ಅಂದ್ರು."

ಆಮೇಲೆ ಬೇರೆ ಮನೆಗಳಿಂದಲೂ ಪಾತ್ರೆಗಳು ಬಂದವು. ನಾನು ಹಟ ಹಿಡಿದು ಪ್ರತಿಯೊಂದರಲ್ಲೂ ಕುಲ್ಫಿ ಕಳಿಸಿದೆ. ಕುಲ್ಫಿ ಹೋದ ಕಡೆಯಿಂದೆಲ್ಲ ಮತ್ತೆ ಸಕ್ಕರೆಯೇ ಬಂತು. ಸಕ್ಕರೆ ಕೂಡದ ಮನೆಯ ಉಗ್ರಾಣದಲ್ಲಿ ಇರುವೆ ಸಾಲುಗಟ್ಟಿತು. ನಾನು ಬೀಗ ಹಾಕಿಕೊಂಡು ಓಡಾಡುತ್ತಿದ್ದರೆ ಯಜಮಾನರು ಆರಾಮಕುರ್ಚಿಯಿಂದ ಕೇಳುತ್ತಾರೆ: "ಅತ್ತಿಗುಂಡಿ ನೆಂಟರಿಗೆ ನೀನಿನ್ನೂ ಕುಲ್ಫಿ ಕಳಿಸಿಲ್ವಲ್ಲ?"

೪. ಡಾಕ್ಟರ ಪುಡಿ

ಕೊನೆಗೆ ಡಾಕ್ಟರನ್ನೇ ಊಟಕ್ಕೆ ಕರೆದೆ. ಓದಿದವರು, ಕಾಯಿಲೆ ಕಂಡವರು. ಅವರು ಒಂದು ಮಾತು ಹೇಳಿದರೆ ಊರ ಬಾಯಿ ಮುಚ್ಚುತ್ತದೆ. ಕುಲ್ಫಿ ಬಡಿಸಿ, ಎಲ್ಲರಿಗೂ ಕೇಳುವಂತೆ, "ಇದಕ್ಕೆ ಒಂದು ಕಾಳು ಸಕ್ಕರೆ ಹಾಕಿಲ್ಲ ಡಾಕ್ಟರೇ" ಎಂದೆ. ಅವರು ನನ್ನನ್ನು ನೋಡಿದರು, ಇವರನ್ನು ನೋಡಿದರು, ಸುಣ್ಣ ಕಾಣದ ಗೋಡೆಯನ್ನೂ ನೋಡಿದರು. "ಒಳ್ಳೇದು ತಾಯಿ, ಒಳ್ಳೇದು" ಎಂದು ಮೆಲ್ಲಗೆ ಹೇಳಿ ಪೂರ್ತಿ ತಿಂದರು. ಗೆದ್ದೆ ಅಂದುಕೊಂಡೆ.

ಮಾರನೆಯ ದಿನ ಅವರ ಕಾಂಪೌಂಡರು ಸೈಕಲ್ಲಿನಲ್ಲಿ ಬಂದು, ಔಷಧಿ ಪುಡಿಯ ಹಾಗೆ ಮಡಿಸಿದ ಪೊಟ್ಟಣಗಳ ಒಂದು ಕಟ್ಟನ್ನು ಜಗುಲಿಯ ಮೇಲಿಟ್ಟರು. ಒಂದನ್ನು ಬಿಡಿಸಿದೆ. ಸಕ್ಕರೆ.

"ಇವರಿಗೆ ಸಕ್ಕರೆ ಕೂಡದು ಅಂದಿದ್ದು ನಿಮ್ಮ ಡಾಕ್ಟರೇ ಅಲ್ವಾ?"

"ಅದು ಕಾಯಿಲೆ ವಿಷ್ಯ ಅಮ್ಮಾವ್ರೇ, ಇದು ಮರ್ಯಾದೆ ವಿಷ್ಯ. ದಾರೀಲಿ ನೋಡಿದವ್ರಿಗೂ ಗೊತ್ತಾಗಬಾರ್ದು ಅಂತ ಹೀಗೆ ಕಟ್ಟಿಸಿದಾರೆ."

ಕಟ್ಟನ್ನು ಹಾಗೇ ವಾಪಸು ಕೊಡೋಣವೆಂದು ಹಿಂದೆ ತಿರುಗಿದರೆ, ಯಜಮಾನರು ಒಂದು ಪೊಟ್ಟಣ ಬಿಡಿಸಿ, ತಲೆ ಹಿಂದಕ್ಕೆ ವಾಲಿಸಿ, ಬಾಯಿಗೆ ಸುರಿದುಕೊಂಡು ಆಗಿತ್ತು.

"ಏನು ಮಾಡ್ತಿದೀರಿ ನೀವು?"

ಅವರು ಸಾವಧಾನವಾಗಿ ನುಂಗಿ, ಮೀಸೆ ಒರೆಸಿಕೊಂಡು, ಎರಡನೆಯ ಪೊಟ್ಟಣಕ್ಕೆ ಕೈ ಹಾಕಿದರು.

"ಡಾಕ್ಟರು ಕೊಟ್ಟ ಪುಡಿ ಕಣೇ. ತಪ್ಪಿಸಬೇಡಿ ಅಂತ ದಿನಾ ನೀನೇ ಹೇಳ್ತೀಯಲ್ಲ."