ಚಿನ್ನದ ಕಣ ಕಾಯುವ ಕೆಲಸ

ಬರಿಗಣ್ಣಿಗೆ ಕಾಣದ್ದನ್ನು ತೋರಿಸುವ ಉದ್ಯೋಗದಲ್ಲಿರುವವನಿಗೆ ತಮಾಷೆಗೆ ಬರವಿಲ್ಲ. ನಗು ಬರುವುದು ಮಾತ್ರ ಒಂದೆರಡು ವರ್ಷ ಕಳೆದ ಮೇಲೆ. ಕಾಸರಗೋಡು ಪೇಟೆಯಿಂದ ಸ್ವಲ್ಪ ದೂರದ ಸಂಶೋಧನಾ ಕೇಂದ್ರವೊಂದರಲ್ಲಿ ನಾನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸುತ್ತಿದ್ದೆ. ಚಿನ್ನದ ಅತಿಸಣ್ಣ ಕಣಗಳನ್ನು ಅದರೊಳಗೆ ಬಿಸಿ ಮಾಡಿದರೆ ಅವು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ. ಆಗುವಾಗಲೇ ಅದನ್ನು ಪರದೆಯ ಮೇಲೆ ನೋಡುವುದು ನಮ್ಮ ಕೆಲಸ.

೧. ಸಂಬಂಧ

ಮುಳ್ಳೇರಿಯದಲ್ಲಿ ನನಗೊಂದು ಹೆಣ್ಣು ನೋಡಿದ್ದರು. ಹುಡುಗ ಚಿನ್ನದ ಕೆಲಸದಲ್ಲಿದ್ದಾನೆ ಎಂದು ಮದುವೆ ದಲ್ಲಾಳಿ ಹೇಳಿಬಿಟ್ಟಿದ್ದ. ಚಹಾ ಕೊಟ್ಟು ಹುಡುಗಿಯ ತಂದೆ, ಎಷ್ಟು ಚಿನ್ನ ಉಂಟು ಎಂದು ವಿಚಾರಿಸಿದರು. ಕಣ್ಣಿಗೆ ಕಾಣುವಷ್ಟು ಇಲ್ಲ ಎಂದು ನಿಜವನ್ನೇ ಹೇಳಿದೆ.

"ಅಷ್ಟು ನಮ್ಮಲ್ಲೂ ಉಂಟು" ಎಂದರು ಅವರು. ಸಂಬಂಧ ಅಲ್ಲಿಗೇ ಮುಗಿಯಿತು.

೨. ಕರೆಂಟು

ಯಂತ್ರದೊಳಗಿನ ಗಾಳಿಯೆಲ್ಲ ಹೋಗಿ ಅದು ತಯಾರಾಗಲು ಎರಡು ದಿನ ಹಿಡಿದಿತ್ತು. ಕಣಗಳು ಸೇರಲು ಶುರುವಾಗುವಾಗ ಕರೆಂಟು ಹೋಯಿತು. ಕರೆಂಟಿನವರ ಸೆಕ್ಷನ್ ಆಫೀಸಿಗೆ ಫೋನು ಮಾಡಿದೆ, ಅಳುವುದೊಂದು ಬಾಕಿ. ಅಷ್ಟು ದೊಡ್ಡ ಕೆಲಸ ಎಂತದು ಎಂದು ಅಲ್ಲಿನವರು ಕೇಳಿದರು. ದೊಡ್ಡದು ಸಣ್ಣದನ್ನು ನುಂಗುವುದನ್ನು ನೋಡುತ್ತಿದ್ದೇವೆ ಎಂದೆ.

"ಅದನ್ನು ನೋಡಲಿಕ್ಕೆ ಕರೆಂಟು ಎಂತಕ್ಕೆ ಮಾರಾಯ್ರೆ? ನಮ್ಮ ಆಫೀಸಿಗೆ ಬನ್ನಿ."

೩. ಒಳ್ಳೆಯ ವಿಡಿಯೊ

ಉಪ್ಪಳದ ಕಡೆಯ ಬ್ಯಾರಿ ಹುಡುಗಿಯೊಬ್ಬಳು ಈ ಕಣಗಳ ಮೇಲೆಯೇ ಪಿಎಚ್.ಡಿ. ಮಾಡುತ್ತಿದ್ದಳು. ನಾಲ್ಕನೇ ವರ್ಷದಲ್ಲಿ ಅವಳಿಗೆ ಒಳ್ಳೆಯದೊಂದು ವಿಡಿಯೊ ಸಿಕ್ಕಿತು. ಬಿಸಿಗೆ ಕಣಗಳು ಕೂಡಿಕೊಳ್ಳುವುದು ಸ್ಪಷ್ಟವಾಗಿತ್ತು. ಅವಳ ಪ್ರೊಫೆಸರರು ಎಲ್ಲರಿಗೂ ಲಡ್ಡು ಹಂಚಿದರು. ಮರುದಿನ ಯಂತ್ರ ಬಿಚ್ಚುವಾಗ ನೋಡಿದರೆ, ಬಿಸಿ ಮಾಡುವ ವಯರನ್ನು ನಾನು ಸಿಕ್ಕಿಸಿಯೇ ಇರಲಿಲ್ಲ. ನೋಡಲಿಕ್ಕೆಂದು ಬಿಟ್ಟ ಎಲೆಕ್ಟ್ರಾನುಗಳ ಹೊಡೆತಕ್ಕೇ ಕಣಗಳು ಸೇರಿಹೋಗಿದ್ದವು.

ಆ ವಿಡಿಯೊ ಲೆಕ್ಕಕ್ಕಿಲ್ಲ ಎಂದು ಅವಳಿಗೆ ಹೋಗಿ ಹೇಳಿದೆ. ಅವಳು ಬೈಯಲಿಲ್ಲ. ಕಿಟಕಿಯ ಹತ್ತಿರ ಹೋಗಿ ಕಣ್ಣೊರೆಸಿಕೊಂಡು, ಇನ್ನೊಂದು ವರ್ಷ ಎಂದು ಮನೆಯಲ್ಲಿ ಹೇಗೆ ಹೇಳುವುದು ಎಂದಳು. ಕೊನೆಗೆ ಅಷ್ಟೇ ಹಿಡಿಯಿತು ಕೂಡ.

ತುಂಬ ಹೊತ್ತು ನೋಡಿದ್ದಕ್ಕೆ ಹಾಳಾಯಿತು ಎಂದು ಅವಳು ಮನೆಯಲ್ಲಿ ತಾಯಿಗೆ, ಅವಳ ಉಮ್ಮನಿಗೆ, ಸುಲಭ ಮಾಡಿ ಹೇಳಿದಳಂತೆ. ಉಮ್ಮನಿಗೆ ತಟ್ಟನೆ ಅರ್ಥವಾಯಿತು. ದೃಷ್ಟಿ ತೆಗೆಯಲು ಉಪ್ಪು, ಒಣಮೆಣಸು ಕಟ್ಟಿಕೊಟ್ಟರು. ಸೋಮವಾರ ಅವಳು ಬಾಡಿದ ಮುಖದಲ್ಲೇ ಯಂತ್ರದ ಮುಂದೆ ನಿಂತು ಅದನ್ನು ಮೂರು ಸುತ್ತು ನಿವಾಳಿಸುತ್ತಿದ್ದಾಗ ಪ್ರೊಫೆಸರರು ಒಳಗೆ ಬಂದರು. ನಾವಿಬ್ಬರೂ ತಲೆ ತಗ್ಗಿಸಿದೆವು. ಅವರು ಉಪ್ಪು ಮೆಣಸಿನ ಕಟ್ಟು ನೋಡಿ ಕೇಳಿದರು.

"ಯಂತ್ರಕ್ಕೆ ಎಂತಕ್ಕೆ ತೆಗೆಯುವುದು? ದೃಷ್ಟಿ ತಾಗಿದ್ದು ಅದಕ್ಕಲ್ಲ, ಅದರದ್ದೇ ದೃಷ್ಟಿ ಕಣಗಳಿಗೆ ತಾಗಿದ್ದು."