ಕರೆದರೆ ಬಂದೇಬಿಡುವ ಮೇಡಂ

ಶೆಟ್ಟಿಹಳ್ಳಿಯ ನಮ್ಮ ಮಹಡಿ ಕೋಣೆಯಲ್ಲಿದ್ದ ಜರ್ಮನಿಯ ಮೇಡಂಗೆ ಅಪ್ಪಿತಪ್ಪಿಯೂ ‘ಮನೆಗೆ ಬನ್ನಿ’ ಎನ್ನಬಾರದಿತ್ತು. ಅಂದಿರೋ, ಬಂದೇಬಿಡುತ್ತಿದ್ದರು! ಬಸ್ಸಿನಲ್ಲಿ, ಸೊಪ್ಪಿನ ಅಂಗಡಿಯಲ್ಲಿ ನಾವು ಕಂಡವರನ್ನೆಲ್ಲ ಕರೆಯುತ್ತೇವೆ. ಯಾರಾದರೂ ನಿಜವಾಗಿ ಬರುತ್ತಾರೆಯೇ? ಮೇಡಂ ಮಾತ್ರ ಅದನ್ನು ಡೈರಿಯಲ್ಲಿ ಬರೆದುಕೊಂಡು, ಬಾಳೆಹಣ್ಣು ಹಿಡಿದು ಹಾಜರಾಗುತ್ತಿದ್ದರು.

ಕುಣಿಗಲ್ ಬಸ್ಸಿನ ಕಂಡಕ್ಟರು ಹಾಗೆ ಕರೆದು ಸಿಕ್ಕಿಬಿದ್ದರು. ಭಾನುವಾರ ಬೆಳಿಗ್ಗೆ ನನಗೆ ಅವರ ಫೋನು.

“ಸಾರ್, ನಿಮ್ ಮೇಡಂ ಬಂದವ್ರೆ. ಏನ್ ಮಾಡ್ಲಿ?”

“ಊಟ ಹಾಕಿ” ಎಂದೆ.

ಪಾಪ, ಅವರ ಹೆಂಡತಿ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರಂತೆ!

ಮೇಡಂ ಬಂದದ್ದು ಗುಬ್ಬಿ ಹತ್ತಿರದ ನಮ್ಮ ಸರ್ಕಾರಿ ಹೈಸ್ಕೂಲಿನ ಮಕ್ಕಳಿಗೆ ಒಂದು ವರ್ಷ ಇಂಗ್ಲಿಷ್ ಕಲಿಸಲು. ನಾನು ಅಲ್ಲಿ ಹತ್ತನೇ ತರಗತಿಯ ಮೇಷ್ಟ್ರು. ಆ ವರ್ಷ ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ ತೀರಿಕೊಂಡರು. ಸ್ಟಾಫ್ ರೂಮಿನಲ್ಲಿ ‘ಅಯ್ಯೋ ಪಾಪ’ ಎಂದೆವು. ಹುಡುಗಿ ಬರುವುದು ನಿಂತಿತು. ತಿಂಗಳಾದ ಮೇಲೆ ಅವಳ ಅಪ್ಪ, ಮಗಳನ್ನು ಶಾಲೆ ಬಿಡಿಸುತ್ತೇನೆ, ಟಿ.ಸಿ. ಕೊಡಿ ಎಂದು ಬಂದರು. ಹೆಡ್‌ಮಾಸ್ಟರು ಸೋಮವಾರ ಬರಲು ಹೇಳಿದರು. ಹೋಗುವಾಗ ಆತ ವಾಡಿಕೆಯಂತೆ ಮೇಡಂಗೆ ಕೈಮುಗಿದು, “ಮನೆ ಕಡೆ ಬನ್ನಿ” ಎಂದರು.

ಇನ್ನು ಕೇಳಬೇಕೆ! ಭಾನುವಾರ ನನ್ನನ್ನೂ ಎಳೆದುಕೊಂಡು ಹೊರಟೇಬಿಟ್ಟರು.

ಆ ಮನೆಯಲ್ಲಿ ಹುಡುಗಿಯೇ ಮುದ್ದೆ ತೊಳಸಿ ಬಡಿಸಿದಳು. ಸೊಂಟದಲ್ಲಿ ಪುಟ್ಟ ತಮ್ಮ. ಮೇಡಂ ಮುದ್ದೆಯನ್ನು ಬಾಯಿಗಿಟ್ಟು ಗಂಭೀರವಾಗಿ ಅಗಿಯತೊಡಗಿದರು. ಅಗಿದರು, ಅಗಿದರು, ಹಲ್ಲಿಗೆಲ್ಲ ಮೆತ್ತಿಕೊಂಡಿತು!

“ಅಯ್ಯೋ ಮಿಸ್, ಅಗೀಬಾರ್ದು, ನುಂಗ್ಬೇಕು!” ಎಂದು ಹುಡುಗಿ ನಕ್ಕಳು. ತಮ್ಮನೂ ನಕ್ಕ. ಅಪ್ಪ ಮಾತ್ರ ತಟ್ಟೆಯಿಂದ ಕೈ ತೆಗೆದು ಮಗಳನ್ನೇ ನೋಡುತ್ತ ಕೂತರು. ಅವರ ಕಣ್ಣು ತುಂಬಿತ್ತು.

ಊಟವಾದ ಮೇಲೆ ಅವರೇ ಹೇಳಿದರು: “ಟಿ.ಸಿ. ಬ್ಯಾಡ ಬುಡಿ ಮೇಷ್ಟ್ರೇ. ಚಿಕ್ಕೋನ್ನ ನಮ್ಮಕ್ಕ ನೋಡ್ಕೊತಾಳೆ. ನಾಳೆಯಿಂದ ಕಳಿಸ್ತೀನಿ.”

ನನಗೆ ತಡೆಯಲಾಗಲಿಲ್ಲ. “ಮೊದಲೇ ಕಳಿಸಬಹುದಿತ್ತಲ್ಲಪ್ಪ?” ಎಂದೆ.

ಆತ ತಲೆ ತಗ್ಗಿಸಿದರು. “ಅವ್ಳವ್ವ ಹೋದಾಗ ಇಸ್ಕೂಲಿಂದ ಯಾರೂ ಬರ್ಲಿಲ್ಲ ಸಾಮಿ. ಇವ್ಳು ಅಲ್ಲಿಗೆ ಬ್ಯಾಡ್ವೇನೋ ಅನ್ಕೊಂಡೆ.”

ಮೇಡಂ ನನ್ನ ಕಡೆ ತಿರುಗಿ, ಏನಂದರು, ಇಂಗ್ಲಿಷಿನಲ್ಲಿ ಹೇಳಿ ಎಂದರು.

ನನ್ನ ಕೈಲಾಗಲಿಲ್ಲ.