ಗಾಳಿ ನೋಡಲು ಹೋದ ಗಂಡ

ಗಾಳಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಮುಂಬಯಿ ಪಕ್ಕದ ಠಾಣೆ ಊರಿನ ಕೋಪರಿಯಲ್ಲಿ ನಮ್ಮ ಸಸ್ಯಾಹಾರಿ ಹೋಟೆಲು. ಒಗ್ಗರಣೆಯ ಘಾಟು ಯಾವ ಟೇಬಲ್ಲಿನ ಗಿರಾಕಿಯನ್ನು ಕೆಮ್ಮಿಸಲಿದೆ ಎಂದು ಗಲ್ಲಾದಲ್ಲಿ ಕೂತಲ್ಲಿಂದಲೇ ಹೇಳಬಲ್ಲೆ. ಹಾಗಾಗಿ ನನ್ನ ಹೆಂಡತಿ ಸುಜಯಾ, ರೈಫಲ್ ಕ್ಲಬ್ಬಿನ ಆಯ್ಕೆ ಸ್ಪರ್ಧೆಗೆ ಗಾಳಿ ನೋಡಿ ಹೇಳುವ ಜೊತೆಗಾರರು ಬೇಕು ಎಂದಾಗ, "ಬೇರೆಯವರನ್ನು ಯಾಕೆ ಹುಡುಕುದು? ನಾನಿಲ್ವಾ?" ಎಂದುಬಿಟ್ಟೆ.

ಸುಜಯಾ ಬ್ಯಾಂಕಿನಲ್ಲಿದ್ದಾಳೆ. ಮಕ್ಕಳು ಕಾಲೇಜು ಸೇರಿದ ಮೇಲೆ, ನೆಲದಲ್ಲಿ ಬೋರಲು ಮಲಗಿ ಗುಂಡು ಹೊಡೆಯುವ ಹುಚ್ಚು ಹಿಡಿಸಿಕೊಂಡಳು. ನೋಡನೋಡುತ್ತಾ ಪಳಗಿದಳು. ಈಗ ಕ್ಲಬ್ಬಿನ ತಂಡದಲ್ಲಿ ಒಂದೇ ಜಾಗ ಖಾಲಿ. ಅದಕ್ಕೆ ಇವಳೂ ಜೋಶಿ ಎಂಬವರೂ ಸರಿಸಮ. ಆ ಜಾಗಕ್ಕಾಗಿ ಅವಳು ವರ್ಷಗಟ್ಟಲೆ ಭಾನುವಾರದ ನಿದ್ದೆ ಬಿಟ್ಟಿದ್ದಳು.

ವಿದ್ಯೆ ಸುಲಭದ್ದೇ. ಮುನ್ನೂರು ಮೀಟರು ದೂರ ಹೋಗುವ ಗುಂಡನ್ನು ಅಡ್ಡಗಾಳಿ ಪಕ್ಕಕ್ಕೆ ತಳ್ಳುತ್ತದೆ. ಗಾಳಿ ಎಡದಿಂದ ಬೀಸಿದರೆ ಗುರಿಯನ್ನು ಎಡಕ್ಕೆ ಸರಿಸಬೇಕು. ಒಂದೋ ರೈಫಲ್ಲಿನ ಮೇಲಿರುವ, ಗುರಿ ಸರಿಸುವ ತಿರುಗಣೆ ತಿರುಗಿಸಬೇಕು, ಇಲ್ಲವೇ ಕಣ್ಣಳತೆಯಲ್ಲೇ ಸ್ವಲ್ಪ ಎಡಕ್ಕೆ ಗುರಿಯಿಡಬೇಕು. ಇಷ್ಟೇ!

ಘೋಡಬಂದರ್ ರಸ್ತೆಯ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ಊದುಬತ್ತಿ ಹಚ್ಚಿ ಅಭ್ಯಾಸ ಆರಂಭಿಸಿದೆ. ಹೊಗೆಯನ್ನು ದಿಟ್ಟಿಸಿ, "ವಾಯವ್ಯದಿಂದ ಪ್ರಬಲ ಮಾರುತ" ಎಂದು ಗಂಭೀರವಾಗಿ ಘೋಷಿಸಿದೆ.

"ಫ್ಯಾನ್ ಆಫ್ ಮಾಡಿ ಮಾರಾಯ್ರೆ," ಎಂದಳು ಸುಜಯಾ.

ಸ್ಪರ್ಧೆ ನಡೆದದ್ದು ಕಲ್ಯಾಣದಿಂದಾಚೆ, ಗುಡ್ಡದ ಬುಡದ ಮೈದಾನದಲ್ಲಿ. ಸುಜಯಾ ಚಾಪೆಯ ಮೇಲೆ ಮಲಗಿದಳು. ನಾನು ಪಕ್ಕದಲ್ಲಿ ದುರ್ಬೀನು ಹಿಡಿದು ಸೇನಾಪತಿಯ ಹಾಗೆ ಕೂತೆ. ಸುತ್ತ ನೋಡಿ, "ಬಲದಿಂದ ಗಾಳಿ, ಜೋರುಂಟು" ಎಂದೆ. ಅವಳು ಬಲಕ್ಕೆ ಸರಿಸಿ ಹೊಡೆದಳು. ಗುಂಡು ಗುರಿಹಲಗೆಯ ಬಲ ಅಂಚಿಗೆ ಹೋಗಿ ಬಿತ್ತು.

"ಎಂತ ನೋಡಿ ಹೇಳಿದ್ದು ನೀವು?"

"ಅಗೋ, ವಾಚ್‌ಮನ್ ಕೋಣೆಯ ಹತ್ತಿರ ಒಣ ಹಾಕಿದ ಸೀರೆ. ಹೇಗೆ ಹಾರ್ತಾ ಉಂಟು ನೋಡು!"

"ಅದು ನಮ್ಮ ಹಿಂದೆ ಉಂಟು! ಗುಂಡು ಮುಂದೆ ಹೋಗುದಲ್ವಾ? ಮುಂದೆ ಗಾಳಿ ನೋಡ್ಲಿಕ್ಕೇ ನೆಟ್ಟ ಬಾವುಟ ನೋಡಿ!"

ಆಮೇಲೆ ಅವಳು ನನ್ನನ್ನು ಏನೂ ಕೇಳಲಿಲ್ಲ. ಒಂದಾದ ಮೇಲೊಂದು ಗುಂಡು ನಡುಮಧ್ಯಕ್ಕೆ ಬೀಳತೊಡಗಿತು. ನನ್ನ ಮಾರ್ಗದರ್ಶನ ಫಲ ಕೊಡುತ್ತಿದೆ ಎಂದೇ ನಾನು ತಿಳಿದೆ.

ಕೊನೆಯ ಗುಂಡು. ಪಕ್ಕದ ಚಾಪೆಯ ಜೋಶಿಯವರದ್ದೂ ಅದೇ. ಇಬ್ಬರ ಅಂಕವೂ ಸಮ. ಆಗ ಬಂತು ನೋಡಿ ಎಡದಿಂದ ಗಾಳಿ! ಬಾವುಟಗಳೆಲ್ಲ ಪಟಪಟ ಹೊಡೆದುಕೊಂಡವು. ಸುಜಯಾ ಕನ್ನಡಕ ಒರೆಸಿಕೊಳ್ಳುತ್ತಿದ್ದಳು. ಪಾಪ, ಇವಳು ಗಾಳಿ ಗಮನಿಸಿಲ್ಲ ಎಂದುಕೊಂಡು ಕೈಚಾಚಿ ತಿರುಗಣೆಯನ್ನು ಎಡಕ್ಕೆ ತಿರುಗಿಸಿದೆ. ಹೋಟೆಲಿನವನ ಕೈ, ಧಾರಾಳವಾಗಿಯೇ ತಿರುಗಿತು. ಅವಳ ಏಕಾಗ್ರತೆ ಕೆಡಬಾರದೆಂದು ಬಾಯಿ ಮಾತ್ರ ಬಿಡಲಿಲ್ಲ.

ಢಂ! ನಮ್ಮ ಹಲಗೆ ಖಾಲಿ. ಎಡಗಡೆಯ ಜೋಶಿಯವರ ಹಲಗೆಯಲ್ಲಿ ಎರಡು ತೂತು! ಅವರದ್ದು ಮೂಲೆಗೆ, ನಮ್ಮದು ನಟ್ಟನಡುವೆ. ಒಂದೇ ಹಲಗೆಗೆ ಎರಡು ಗುಂಡು ಬಿದ್ದರೆ ಹಲಗೆಯವನಿಗೆ ಒಳ್ಳೆಯದನ್ನೇ ಲೆಕ್ಕ ಹಿಡಿಯುತ್ತಾರಂತೆ. ಅಂದರೆ ನಮಗೆ ಸೊನ್ನೆ, ಗೆದ್ದದ್ದು ಜೋಶಿ. ಜೋಶಿ ಎದ್ದು ಬಂದು ನನ್ನ ಕೈ ಕುಲುಕಿದರು.

"ಥ್ಯಾಂಕ್ಯೂ, ಅಣ್ಣಾ!"

"ತಿರುಗಣೆ ಮುಟ್ಟಿದ್ರಾ?" ಸುಜಯಾಳ ದನಿ ತಣ್ಣಗಿತ್ತು.

"ಗಾಳಿ ಇತ್ತಲ್ಲ..."

"ಗಾಳಿ ನೋಡಿಯೇ ನಾನು ಕಣ್ಣಳತೆಯಲ್ಲಿ ಎಡಕ್ಕೆ ಗುರಿ ಹಿಡ್ದಿದ್ದೆ ಮಾರಾಯ್ರೆ!"

ಅಯ್ಯೋ ದೇವರೇ! ಸಾಂಬಾರಿಗೆ ಉಪ್ಪು ಹಾಕುವವರು ಒಬ್ಬರೇ ಇರಬೇಕು ಎಂದು ನಮ್ಮ ಅಡುಗೆಮನೆಯಲ್ಲಿ ಕಾನೂನು ಮಾಡಿದವನೇ ನಾನು. ಅವಳ ಕಣ್ಣಲ್ಲಿ ನೀರು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. ಭೂಮಿ ಬಾಯಿ ಬಿಡಲಿಲ್ಲ.

ಕ್ಲಬ್ಬಿನ ಕಾರ್ಯದರ್ಶಿಗಳು ಬಂದು ರೈಫಲ್ ನೋಡಿದರು. ತಿರುಗಣೆಯನ್ನು ಹಿಂದಕ್ಕೆ ತಿರುಗಿಸುತ್ತಾ ಲೆಕ್ಕ ಹಾಕಿದರು. "ಅಣ್ಣಾ, ಆಪ್‌ನೆ ಕ್ಯಾ ಕಿಯಾ, ಏನು ಮಾಡಿಬಿಟ್ರಿ! ನಿಮ್ಮ ಕೈ ಬೀಳದಿದ್ದರೆ ಮೇಡಮ್‌ದು ನಡುಮಧ್ಯಕ್ಕೇ ಬೀಳ್ತಿತ್ತು!" ಎಂದರು. ಜೋಶಿಯೂ ದೊಡ್ಡ ಮನಸ್ಸಿನವರು. "ಆ ಗುಂಡು ನನ್ನದಲ್ಲ. ಜಾಗ ಮೇಡಮ್‌ದೇ" ಎಂದುಬಿಟ್ಟರು. ಮುಂದಿನ ಮ್ಯಾಚಿನಲ್ಲಿ ಅವಳಿಗೆ ಗಾಳಿ ನೋಡುವ ಕೆಲಸಕ್ಕೂ ತಾವೇ ನಿಂತರು.

"ಆದರೆ ಒಂದು ಕಂಡೀಷನ್..." ಎಂದು ಕಾರ್ಯದರ್ಶಿಗಳು ಶುರುಮಾಡಿದರು. ಮುಂದೆ ಹೇಳುವ ಅಗತ್ಯ ಬೀಳಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಸುಜಯಾ ಮಾತ್ರ ಕಾರು ಹತ್ತುವಾಗ ನಕ್ಕಳು. "ಬೇಜಾರು ಮಾಡ್ಬೇಡಿ. ಮ್ಯಾಚಿಗೆ ನೀವೂ ಬನ್ನಿ."

"ಹೌದಾ? ಎಂತ ಕೆಲಸಕ್ಕೆ?"

"ಕಾರು ಬಿಡ್ಲಿಕ್ಕೆ ಜನ ಬೇಕಲ್ಲ. ಆದ್ರೆ ಸ್ಟೇರಿಂಗ್ ತಿರುಗಿಸುವ ಮೊದ್ಲು ನನಗೊಂದು ಮಾತು ಹೇಳಿ."

ಹೇಳುತ್ತಿದ್ದೇನೆ. ಘೋಡಬಂದರ್ ರಸ್ತೆಯ ಪ್ರತಿಯೊಂದು ತಿರುವಿನಲ್ಲೂ ಹೇಳುತ್ತಿದ್ದೇನೆ!